ಬಿಸಿಲೂರಿನವರಿಗೆ ಹಿಮದ ಹಾದಿ: ಚಳಿಗಾಲದ ಕೇದಾರಕಾಂತ ಚಾರಣಕ್ಕೊಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಚಳಿಗಾಲದಲ್ಲಿ ಹಿಮಾಲಯಕ್ಕೆ ಹೋಗುತ್ತೇವೆ ಎಂದಾಗ ಮನೆಯಲ್ಲಿ ಮೊದಲು ಕೇಳುವುದು ಒಂದೇ ಮಾತು: "ಆ ಚಳಿ ತಡಕೊಳ್ಳಾಕ ಆಗ್ತದಾ?" ಏಪ್ರಿಲ್ ಬಂದರೆ 40 ಡಿಗ್ರಿ ದಾಟುವ ಊರು ನಮ್ಮದು. ಡಿಸೆಂಬರಿನ ಮುಂಜಾನೆ 15 ಡಿಗ್ರಿಗೆ ಇಳಿದರೆ ಸಾಕು, ಸ್ವೆಟರ್ ಹಾಕಿಕೊಂಡು ಮಫ್ಲರ್ ಸುತ್ತಿಕೊಳ್ಳುತ್ತೇವೆ. ಹಾಗಾಗಿ ಆ ಪ್ರಶ್ನೆ ಸಹಜ. ಆದರೆ ಹಿಮದಲ್ಲಿ ಜನ ಸೋಲುವುದು ಚಳಿಗಿಂತ ಹೆಚ್ಚಾಗಿ ಒದ್ದೆಗೆ. ಒಣಗಾಳಿಗಿಂತ ನೀರು ಮೈಯ ಬಿಸಿಯನ್ನು ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಬೆವರಿಗೆ ತೊಯ್ದ ಬನಿಯನ್, ಶೂ ಒಳಗೆ ಹೊಕ್ಕ ಹಿಮ, ನೆನೆದ ಕೈಗವಸು, ಅಪಾಯ ಶುರುವಾಗುವುದು ಇಲ್ಲಿಂದ. ಮೈ ಒಣಗಿದ್ದರೆ ಮೈನಸ್ 10 ಡಿಗ್ರಿಯಲ್ಲೂ ಬಿಸಿಲೂರಿನವರು ಆರಾಮಾಗಿ ನಡೆಯಬಹುದು. ಮುಂದೆ ಹೇಳುವ ಬಹುಪಾಲು ಸಂಗತಿ ಇದೊಂದಕ್ಕಾಗಿಯೇ.

ಯಾವ ಬೆಟ್ಟ, ಯಾವ ತಿಂಗಳು

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಕೇದಾರಕಾಂತ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿದೆ, ಶಿಖರದ ಎತ್ತರ ಸುಮಾರು 3,800 ಮೀಟರ್, ಅಂದರೆ 12,500 ಅಡಿ. ಹಾದಿ ಶುರುವಾಗುವ ಸಾಂಕ್ರಿ ಹಳ್ಳಿ ಸುಮಾರು 1,950 ಮೀಟರ್‌ನಲ್ಲಿದೆ. ಮೊದಲ ದಿನ ಕಾಡಿನ ನಡುವೆ ಹತ್ತಿ ಜೂಡಾ ಕಾ ತಾಲಾಬ್ ಎಂಬ ಕೆರೆಯ ಹತ್ತಿರ, ಸುಮಾರು 2,800 ಮೀಟರ್‌ನಲ್ಲಿ ತಂಗುತ್ತಾರೆ. ಎರಡನೇ ದಿನ ಸುಮಾರು 3,400 ಮೀಟರ್‌ನ ಬೇಸ್ ಕ್ಯಾಂಪ್. ಮೂರನೇ ದಿನ ನಸುಕಿಗೂ ಮುಂಚೆ ಎದ್ದು ಶಿಖರ, ಆಮೇಲೆ ಇಳಿತ. ಒಂದೊಂದು ದಿನದ ದೂರ ಕಡಿಮೆ, ಕ್ಯಾಂಪಿನ ಸುತ್ತ ದೇವದಾರು, ಪೈನ್ ಮರಗಳ ಆಸರೆ ಇರುತ್ತದೆ, ಏನಾದರೂ ಆದರೆ ಒಂದೇ ದಿನದಲ್ಲಿ ಹಳ್ಳಿಗೆ ಇಳಿಯಬಹುದು. ಹೊಸಬರಿಗೆ ಈ ಕೊನೆಯ ಅನುಕೂಲವೇ ಎಲ್ಲಕ್ಕಿಂತ ದೊಡ್ಡದು.

ಆಳವಾದ ಹಿಮ ಬೇಕಿದ್ದರೆ ಸಂಕ್ರಾಂತಿ ಕಳೆದ ಮೇಲಿಂದ ಫೆಬ್ರುವರಿ ಕೊನೆಯವರೆಗೆ ಹೋಗಿ. ಡಿಸೆಂಬರ್ ಕೊನೆಯ ವಾರ ಬೇಡ. ಹೊಸ ವರ್ಷಕ್ಕೆ ಬರುವ ಜನರಿಂದ ಹಾದಿ ತುಂಬಿರುತ್ತದೆ, ತುಳಿದು ತುಳಿದು ಹಿಮ ಗಾಜಿನಂತಾಗಿರುತ್ತದೆ.

ಒಬ್ಬರೇ ಅಥವಾ ಗೆಳೆಯರಷ್ಟೇ ಸೇರಿ ಹೋಗುವ ಯೋಚನೆ ಇದ್ದರೆ ಈಗಲೇ ಬಿಡಿ. ಹಿಮ ಬಿದ್ದ ಮೇಲೆ ಕಾಲುದಾರಿ ಕಾಣುವುದಿಲ್ಲ, ಅರಣ್ಯ ಇಲಾಖೆಯ ಅನುಮತಿ ಪತ್ರವೂ ಬೇಕು. ತಂಡ ಆರಿಸುವಾಗ ದರ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಎಷ್ಟು ಜನಕ್ಕೆ ಒಬ್ಬ ಗೈಡ್? ಆಮ್ಲಜನಕದ ಸಿಲಿಂಡರ್, ಸ್ಟ್ರೆಚರ್ ಬೇಸ್ ಕ್ಯಾಂಪಿನಲ್ಲಿ ಇರುತ್ತವೆಯೇ? ಹವಾಮಾನ ಕೆಟ್ಟರೆ ಶಿಖರ ಬಿಟ್ಟು ವಾಪಸ್ ಕರೆದುಕೊಂಡು ಬರುತ್ತೀರಾ? ಮೂರನೆಯದಕ್ಕೆ "ನಾವು ಎಲ್ಲರನ್ನೂ ಶಿಖರ ಮುಟ್ಟಿಸಿಯೇ ಕಳಿಸುತ್ತೇವೆ" ಎಂಬ ಉತ್ತರ ಬಂದರೆ ಬೇರೆ ತಂಡ ಹುಡುಕಿ. 2024ರ ಜೂನ್‌ನಲ್ಲಿ ಇದೇ ಉತ್ತರಕಾಶಿಯ ಕಡೆ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅದು ಬೇಸಿಗೆಯ ತಿಂಗಳು. ಆ ಸುದ್ದಿಯನ್ನು ಮರೆಯದೆ ಹೊರಡಬೇಕು.

ಎರಡೂವರೆ ತಿಂಗಳ ತಯಾರಿ

ನಾವಿರುವುದು ಸಮುದ್ರಮಟ್ಟದಿಂದ 400–550 ಮೀಟರ್ ಎತ್ತರದಲ್ಲಿ. ಕೇದಾರಕಾಂತದ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ. ಒಂದೊಂದು ಉಸಿರಿಗೂ ಅಷ್ಟು ಕಡಿಮೆ ಆಮ್ಲಜನಕ. ಊರಲ್ಲೇ ಇದ್ದು ಎತ್ತರಕ್ಕೆ ಒಗ್ಗಿಕೊಳ್ಳಲು ಆಗುವುದಿಲ್ಲ, ಆದರೆ ಕಾಲು ಮತ್ತು ಉಸಿರನ್ನು ಗಟ್ಟಿ ಮಾಡಿಕೊಳ್ಳಬಹುದು. ಗಟ್ಟಿ ಕಾಲಿನವರು ನಿಧಾನವಾಗಿ, ಬೆವರದೆ ಹತ್ತುತ್ತಾರೆ. ದಣಿದವರು ಏದುಸಿರು ಬಿಟ್ಟು ಬೆವರಿ, ನಿಂತ ಕೂಡಲೇ ನಡುಗುತ್ತಾರೆ.

ಕೊಪ್ಪಳ, ಗಂಗಾವತಿಯವರಿಗೆ ಅಂಜನಾದ್ರಿಗಿಂತ ಒಳ್ಳೆಯ ಮೈದಾನ ಬೇಕಿಲ್ಲ. 575 ಮೆಟ್ಟಿಲು. ಮೊದಲ ವಾರ ಬರಿಗೈಯಲ್ಲಿ ಒಮ್ಮೆ ಹತ್ತಿ ಇಳಿಯಿರಿ. ಮೂರನೇ ವಾರದಿಂದ ಬೆನ್ನಿಗೆ 5 ಕಿಲೋ ಭಾರ, ಆರನೇ ವಾರದ ಹೊತ್ತಿಗೆ 8 ಕಿಲೋ ಹೊತ್ತು ಬಿಡದೆ ಮೂರು ಸುತ್ತು. ನೀರಿನ ಬಾಟಲಿ ತುಂಬಿಕೊಂಡರೆ ಭಾರದ ಲೆಕ್ಕ ಸುಲಭ. ಬಳ್ಳಾರಿಯವರಿಗೆ ಕೋಟೆ ಗುಡ್ಡ ಇದೆ, ರಾಯಚೂರಿನವರಿಗೆ ಊರ ನಡುವೆಯೇ ಕೋಟೆಯ ಬೆಟ್ಟ ಇದೆ. ತಿಂಗಳಿಗೊಮ್ಮೆ ಸಂಡೂರಿಗೆ ಹೋಗಿ ಪೂರ್ತಿ ದಿನ ಗುಡ್ಡ ಹತ್ತಿ ಇಳಿದರೆ ಮಣ್ಣಿನ ದಾರಿಯ ಅಭ್ಯಾಸವೂ ಆಗುತ್ತದೆ. ಆ ಕಡೆ ಕರಡಿ, ಚಿರತೆ ಓಡಾಡುತ್ತವೆ. ಕತ್ತಲಿರುವಾಗ ಕಾಲಿಡಬೇಡಿ, ಊರಿನವರನ್ನು ಜೊತೆಗಿಟ್ಟುಕೊಳ್ಳಿ.

ಇಳಿಯುವುದನ್ನೂ ಅಭ್ಯಾಸ ಎಂದೇ ಎಣಿಸಿ. ಹಿಮದಲ್ಲಿ ಮೊಣಕಾಲು ನೋಯುವುದು ಇಳಿಯುವಾಗ. ಮೆಟ್ಟಿಲು ಇಳಿಯುವಾಗ ಹೆಜ್ಜೆ ಕುಟ್ಟದೆ, ಮಂಡಿ ಸ್ವಲ್ಪ ಮಡಚಿ ಮೆಲ್ಲಗೆ ಪಾದ ಇಡುವುದನ್ನು ರೂಢಿಸಿಕೊಳ್ಳಿ. ಮೆಟ್ಟಿಲಿನ ಜೊತೆಗೆ ವಾರಕ್ಕೆ ಎರಡು ದಿನ ಓಟ ಇರಲಿ. 5 ಕಿಲೋಮೀಟರನ್ನು 35–40 ನಿಮಿಷದಲ್ಲಿ, ಮುಗಿಸಿದ ಮೇಲೆ ಮಾತಾಡುವಷ್ಟು ಉಸಿರು ಉಳಿದಿರುವಂತೆ ಓಡಲು ಬಂದರೆ ಸಾಕು.

ಹೊರಡುವ ಒಂದು ತಿಂಗಳ ಮುಂಚೆ ವೈದ್ಯರನ್ನು ಕಾಣಿ. ಬಿಪಿ, ಉಬ್ಬಸ, ಹೃದಯದ ತೊಂದರೆ ಇದ್ದವರು ಮುಚ್ಚಿಡಬಾರದು. ಹೆಣ್ಣುಮಕ್ಕಳಂತೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಯೇ ಹೋಗಬೇಕು. ರಕ್ತ ಕಡಿಮೆ ಇದ್ದು ಎತ್ತರಕ್ಕೆ ಹೋದರೆ ಕಷ್ಟ ಎರಡು ಪಟ್ಟು. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆಯ ಬಗ್ಗೆಯೂ ಅಲ್ಲೇ ಕೇಳಿ. ಸಲ್ಫಾ ಔಷಧ ಆಗಿಬರದವರು ಅದನ್ನು ಮೊದಲೇ ಹೇಳಬೇಕು. ಅಂಗಡಿಯಿಂದ ತಂದು ತಾವೇ ನುಂಗುವ ಮಾತ್ರೆ ಇದಲ್ಲ.

ಬಟ್ಟೆ

ಜೀನ್ಸ್ ಹೊಲಿಯುವ ಊರು ಬಳ್ಳಾರಿ. ಅದೇ ಜೀನ್ಸನ್ನು ಮನೆಯಲ್ಲಿ ಬಿಟ್ಟು ಹೋಗಿ ಎನ್ನಬೇಕಾಗಿದೆ. ಡೆನಿಮ್ ಹತ್ತಿಯ ಬಟ್ಟೆ, ಒಮ್ಮೆ ನೆನೆದರೆ ಒಣಗುವುದಿಲ್ಲ, ಸಂಜೆಗೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಹತ್ತಿಯ ಬನಿಯನ್, ಹತ್ತಿಯ ಸಾಕ್ಸ್‌ಗೂ ಇದೇ ಮಾತು. ನಮ್ಮ ಬೇಸಿಗೆಯಲ್ಲಿ ಹತ್ತಿ ಬೆವರು ಹೀರಿ ತಂಪು ಕೊಡುತ್ತದಲ್ಲ, ಅದೇ ಗುಣ ಅಲ್ಲಿ ಮೈಯ ಶಾಖ ಕದಿಯುತ್ತದೆ.

ಉಣ್ಣೆ ಹಾಗಲ್ಲ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊಲದ ಬದುವಿನ ಮೇಲೆ ನಿಂತಿರುವುದನ್ನು ಕುಷ್ಟಗಿ, ಸಿಂಧನೂರಿನ ಕಡೆ ನೋಡಿರುತ್ತೀರಿ. ಮೇಲೆ ಬಿದ್ದ ಹನಿ ಎಳೆಗಳ ತುದಿಯಲ್ಲಿ ಮಣಿಯಾಗಿ ನಿಂತು ಜಾರುತ್ತದೆ. ಹೊರಗೆ ನೆನೆದರೂ ಒಳಮೈ ಬೆಚ್ಚಗೇ ಇರುತ್ತದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಇದಕ್ಕೆ ಕಾರಣ. ಕಂಬಳಿ ಭಾರ, ಅದನ್ನು ಹೊತ್ತುಕೊಂಡು ಹೋಗಿ ಎನ್ನುತ್ತಿಲ್ಲ. ಆದರೆ ಸಾಕ್ಸ್ ಮತ್ತು ಟೊಪ್ಪಿಗೆಗೆ ಉಣ್ಣೆಯದ್ದನ್ನೇ ಕೊಳ್ಳಿ.

ಮೈಗೆ ಮೂರು ಪದರ. ಚರ್ಮಕ್ಕೆ ಅಂಟಿದಂತೆ ಬೆವರನ್ನು ಹೊರಗೆ ದಾಟಿಸುವ ಥರ್ಮಲ್, ಉಣ್ಣೆಯದ್ದು ಅಥವಾ ಪಾಲಿಯೆಸ್ಟರಿನದ್ದು. ಅದರ ಮೇಲೆ ಫ್ಲೀಸ್, ಅಂದರೆ ಮೆತ್ತನೆಯ ತುಪ್ಪುಳಿನಂಥ ಬಟ್ಟೆಯ ಅಂಗಿ. ಎಲ್ಲಕ್ಕೂ ಮೇಲೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್, ಪ್ಯಾಂಟ್. ಇವಲ್ಲದೆ ಹಕ್ಕಿಯ ಮೆದುಗರಿ ತುಂಬಿದ ಒಂದು ದಪ್ಪ ಡೌನ್ ಜಾಕೆಟ್ ಬೇಕು. ಅದನ್ನು ನಡೆಯುವಾಗ ಹಾಕಬಾರದು, ನಿಂತಾಗ ಮತ್ತು ಕ್ಯಾಂಪಿನಲ್ಲಿ ಮಾತ್ರ. ನಮ್ಮ ಕಡೆಯವರು ಹೆದರಿಕೆಗೆ ಇದ್ದಬದ್ದದ್ದನ್ನೆಲ್ಲ ಹಾಕಿಕೊಂಡು ನಡೆಯಲು ಶುರು ಮಾಡುತ್ತಾರೆ, ಅರ್ಧ ಗಂಟೆಗೆ ಒಳಗೆಲ್ಲ ಬೆವರು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಇರಬೇಕು. ಹತ್ತು ನಿಮಿಷ ನಡೆದರೆ ಮೈ ತಾನೇ ಬಿಸಿಯಾಗುತ್ತದೆ.

ಕೈಗೆ ಎರಡು ಜೊತೆ: ಒಳಗೆ ತೆಳು ಉಣ್ಣೆಯದ್ದು, ಮೇಲೆ ನೀರು ತಡೆಯುವ ದಪ್ಪನೆಯದು. ಒಳಗಿನದ್ದು ಇನ್ನೊಂದು ಜೊತೆ ಬ್ಯಾಗಿನಲ್ಲಿ ಒಣಗಿದ್ದಿರಲಿ. ಕಣ್ಣಿಗೆ ಬದಿಗಳೂ ಮುಚ್ಚುವ, ಅತಿನೇರಳೆ (ಯುವಿ) ಕಿರಣ ತಡೆಯುವ ಕಪ್ಪು ಕನ್ನಡಕ ಬೇಕೇ ಬೇಕು. ಹೊಸ ಹಿಮ ಸುಮಾರು 80 ಪ್ರತಿಶತದಷ್ಟು ಅತಿನೇರಳೆ ಕಿರಣವನ್ನು ವಾಪಸ್ ಕಣ್ಣಿಗೇ ಎಸೆಯುತ್ತದೆ. ಕನ್ನಡಕ ಇಲ್ಲದೆ ನಡೆದವರಿಗೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ಕಣ್ಣಿಗೆ ಖಾರದಪುಡಿ ಹಾಕಿದಂತಾಗಿ ರೆಪ್ಪೆ ಬಿಚ್ಚಲಾಗುವುದಿಲ್ಲ. ಮೋಡ ಕವಿದಿದ್ದರೂ ಕನ್ನಡಕ ತೆಗೆಯಬೇಡಿ.

ಶೂ ಪಾದದ ಗಂಟಿನ ಮೇಲಕ್ಕೆ ಬರಬೇಕು, ನೀರು ತಡೆಯಬೇಕು, ದಪ್ಪ ಸಾಕ್ಸ್ ಹಾಕಿದ ಮೇಲೂ ಬೆರಳು ಆಡಿಸಲು ಜಾಗ ಇರಬೇಕು. ಬಿಗಿ ಶೂ ರಕ್ತ ಹರಿಯಲು ಬಿಡುವುದಿಲ್ಲ, ಬೆರಳು ಮರಗಟ್ಟಲು ಅದಷ್ಟೇ ಸಾಕು. ಹೊಸ ಶೂ ಹಾಕಿಕೊಂಡು ನೇರ ರೈಲು ಹತ್ತಬೇಡಿ, ಅಂಜನಾದ್ರಿಯ ಮೆಟ್ಟಿಲ ಮೇಲೆ ಒಂದು ತಿಂಗಳು ಪಳಗಿಸಿ. ಮೈಕ್ರೋಸ್ಪೈಕ್ (ಜಾರದಂತೆ ಶೂ ಅಡಿಗೆ ಹಾಕುವ ಮುಳ್ಳಿನ ಸರಪಳಿ) ಮತ್ತು ಗೈಟರ್ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಸ್ಪೈಕಿನ ರಬ್ಬರ್ ಹರಿದಿಲ್ಲವೇ, ಸರಪಳಿ ಕಳಚಿಲ್ಲವೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ಗೈಟರ್ ಅಂದರೆ ಶೂ ಮೇಲಿಂದ ಮೊಣಕಾಲ ಕೆಳಗಿನವರೆಗೆ ಸುತ್ತುವ ಕವಚ. ಮೊಣಕಾಲುದ್ದ ಹಿಮದಲ್ಲಿ ಅದಿಲ್ಲದಿದ್ದರೆ ಎಷ್ಟು ದುಬಾರಿಯ ಶೂ ಆದರೂ ಒಳಗೆ ಹಿಮ ತುಂಬುತ್ತದೆ.

ಹೋಗುವ ದಾರಿ

ರಾಯಚೂರಿನವರಿಗೆ ಬೆಂಗಳೂರು–ದೆಹಲಿ ಕರ್ನಾಟಕ ಎಕ್ಸ್‌ಪ್ರೆಸ್ ಊರಲ್ಲೇ ನಿಲ್ಲುತ್ತದೆ. ಬಳ್ಳಾರಿಯವರು ಗುಂತಕಲ್ಲಿಗೆ ಹೋಗಿ ಅದೇ ಗಾಡಿ ಹಿಡಿಯಬಹುದು, ಕೊಪ್ಪಳದವರಿಗೆ ಹುಬ್ಬಳ್ಳಿಯಿಂದ ದೆಹಲಿಗೆ ರೈಲು ಇವೆ. ದೆಹಲಿಯಿಂದ ಡೆಹ್ರಾಡೂನ್, ಅಲ್ಲಿಂದ ಮಸ್ಸೂರಿ, ಪುರೋಲಾ, ಮೋರಿ ದಾಟಿ ಸುಮಾರು 200 ಕಿಲೋಮೀಟರ್, 8ರಿಂದ 10 ಗಂಟೆಯ ಘಾಟಿ ರಸ್ತೆ. ಹಿಮ ಬಿದ್ದರೆ ರಸ್ತೆ ಮುಚ್ಚಬಹುದು. ವಾಪಸಿನ ಟಿಕೆಟಿಗೂ ಚಾರಣದ ಕೊನೆಯ ದಿನಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ. ರೈಲು ತಪ್ಪೀತೆಂಬ ಆತುರವೇ ಬೆಟ್ಟದ ಮೇಲೆ ಕೆಟ್ಟ ತೀರ್ಮಾನ ಮಾಡಿಸುತ್ತದೆ.

ಹಿಮದ ಮೇಲೆ ಹೆಜ್ಜೆ

ಮುಂದೆ ಹೋದವರ ಹೆಜ್ಜೆಗುರುತಿನಲ್ಲೇ ಪಾದ ಇಡಿ. ಅದು ತುಳಿದು ಗಟ್ಟಿಯಾದ ಜಾಗ. ಪಕ್ಕದಲ್ಲಿ ಇಟ್ಟರೆ ತೊಡೆಯವರೆಗೆ ಹೂತುಹೋಗಬಹುದು. ಹಾಗೆ ಹೂತರೆ ಜಗ್ಗಬೇಡಿ, ಕೆಳಗೆ ಬಂಡೆಯ ಸಂದಿ ಇದ್ದರೆ ಮೊಣಕಾಲು ತಿರುಚುತ್ತದೆ. ಮುಂದಕ್ಕೆ ಒರಗಿ, ಮಂಡಿಯನ್ನು ಹಿಮದ ಮೇಲೆ ಊರಿ ಮೆಲ್ಲಗೆ ಹೊರಗೆ ಬನ್ನಿ. ದೊಡ್ಡ ಮರದ ಬುಡಕ್ಕೆ ಹೋಗಬೇಡಿ. ಕೊಂಬೆಗಳು ಹಿಮ ತಡೆಯುವುದರಿಂದ ಬುಡದ ಸುತ್ತ ಪೊಳ್ಳು ಗುಂಡಿ ಇರುತ್ತದೆ, ಮೇಲೆ ತೆಳು ಹೊದಿಕೆ ಮಾತ್ರ.

ಏರುವಾಗ ಶೂ ತುದಿಯಿಂದ ಹಿಮವನ್ನು ಒಂದೆರಡು ಸಲ ಒದ್ದು ಮೆಟ್ಟಿಲು ಮಾಡಿ, ಆಮೇಲೆ ಭಾರ ಹಾಕಿ. ಇಳಿಯುವಾಗ ಹಿಮ್ಮಡಿ ಮೊದಲು. ಮಂಡಿ ಸ್ವಲ್ಪ ಮಡಚಿ, ಮೈ ಕೊಂಚ ಮುಂದೆ ಬಾಗಿಸಿ ಹಿಮ್ಮಡಿಯನ್ನು ಧೈರ್ಯವಾಗಿ ಊರಿ. ಹೆದರಿ ಹಿಂದಕ್ಕೆ ವಾಲಿದವರೇ ಜಾರುವುದು. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಗುಡ್ಡದ ಕಡೆಯ ಅಂಚನ್ನು ಒತ್ತಿ ನಡೆಯಬೇಕು. ಸ್ಪೈಕ್ ಹಾಕುವುದಿದ್ದರೆ ಇಳಿಜಾರು ಬರುವ ಮುಂಚೆ, ಸಮ ಜಾಗದಲ್ಲಿ ಹಾಕಿ. ನಡುದಾರಿಯಲ್ಲಿ ಒಂಟಿಗಾಲಲ್ಲಿ ನಿಂತು ಹಾಕಲು ಹೋದರೆ ಅಲ್ಲೇ ಬೀಳುತ್ತೀರಿ. ಸ್ಪೈಕ್ ಕೆಳಗೆ ಹಿಮದ ಗಡ್ಡೆ ಕಟ್ಟಿದರೆ ಕೋಲಿನಿಂದ ತಟ್ಟಿ ಬೀಳಿಸಿ.

ಜಾರಿದರೆ ಕೂಡಲೇ ಬೋರಲಾಗಿ ತಿರುಗಿ. ಮೊಣಕೈ, ಮೊಣಕಾಲು ಹಿಮಕ್ಕೆ ಒತ್ತಿ. ಕಾಲಲ್ಲಿ ಸ್ಪೈಕ್ ಇದ್ದರೆ ಪಾದ ಮೇಲೆತ್ತಿರಬೇಕು, ವೇಗದಲ್ಲಿ ಅದು ಸಿಕ್ಕಿಕೊಂಡರೆ ಪಾದದ ಗಂಟು ಮುರಿಯುತ್ತದೆ. ಇದನ್ನು ಮೊದಲ ಕ್ಯಾಂಪಿನ ಹತ್ತಿರ, ಕೆಳಗೆ ಬಯಲಿರುವ ಚಿಕ್ಕ ಇಳಿಜಾರಿನಲ್ಲಿ ಗೈಡ್ ಎದುರು ಮಾಡಿ ನೋಡಿ. ಓದಿ ಬರುವ ವಿದ್ಯೆಯಲ್ಲ.

ವೇಗದ ಲೆಕ್ಕ ಸರಳ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಸರಿ ಇದೆ, ತುಂಡು ತುಂಡಾಗುತ್ತಿದ್ದರೆ ನಿಧಾನಿಸಿ. ಬೆವರು ಸುಳಿವು ಕೊಟ್ಟ ಕೂಡಲೇ ಜಿಪ್ ಇಳಿಸಿ, ಟೊಪ್ಪಿಗೆ ತೆಗೆಯಿರಿ, ಆಗಲೂ ಬಿಸಿ ಎನಿಸಿದರೆ ಒಂದು ಪದರ ಕಳಚಿ. ನಿಂತ ಕೂಡಲೇ ಮತ್ತೆ ಹಾಕಿ. ದಿನಕ್ಕೆ ಇಪ್ಪತ್ತು ಸಲ ಆದರೂ ಬೇಸರಿಸಬಾರದು.

ಹಿಮಕುಸಿತದ ಬಗ್ಗೆ ಇಷ್ಟು ತಿಳಿದಿರಲಿ. ಅದು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದರಲ್ಲೂ ಭಾರಿ ಹಿಮ ಬಿದ್ದ ಮರುದಿನ, ಗಾಳಿ ಜೋರಾಗಿ ಬೀಸಿದ ಮೇಲೆ, ಬಿಸಿಲು ಏರಿದಾಗ. ಕಾಲ ಕೆಳಗೆ "ಧುಮ್" ಎಂದು ಹಿಮ ಕುಸಿದ ಸದ್ದಾದರೆ, ಹೆಜ್ಜೆಯಿಂದ ಬಿರುಕು ಓಡಿದರೆ ಗೈಡ್‌ಗೆ ಹೇಳಿ ಹಿಂದೆ ಸರಿಯಿರಿ. ಬೆಟ್ಟದ ಏಣಿನಲ್ಲಿ ಫೋಟೋಗಾಗಿ ಅಂಚಿಗೆ ಹೋಗಬೇಡಿ. ಗಾಳಿ ಕಟ್ಟಿದ ಹಿಮದ ಚಾಚು ನೆಲದಂತೆಯೇ ಕಾಣುತ್ತದೆ, ಅದರ ಕೆಳಗೆ ಬರೀ ಗಾಳಿ.

ನೀರು, ಬುತ್ತಿ

ನಮ್ಮೂರಲ್ಲಿ ಬಾಯಾರಿಕೆಯೇ ನೀರು ಕುಡಿಸುತ್ತದೆ. ಅಲ್ಲಿ ಬಾಯಾರುವುದೇ ಇಲ್ಲ, ಆದರೆ ಒಣಗಾಳಿಗೆ ಉಸಿರಿನಲ್ಲೇ ನೀರು ಹೋಗುತ್ತಿರುತ್ತದೆ. ದಿನಕ್ಕೆ 3–4 ಲೀಟರ್, ಗುಟುಕು ಗುಟುಕಾಗಿ ಕುಡಿಯಿರಿ. ಮೂತ್ರ ತಿಳಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದ್ದೀರಿ. ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬಾಯಿ ಹೆಪ್ಪುಗಟ್ಟುವುದಿಲ್ಲ. ಬೆನ್ನಿಗೆ ಹಾಕಿ ಪೈಪಿನಿಂದ ಹೀರುವ ಚೀಲದ ನೀರು ಪೈಪಿನಲ್ಲೇ ಗಟ್ಟಿಯಾಗುತ್ತದೆ, ಅದು ಬೇಡ. ಹಿಮ ತಿನ್ನಬೇಡಿ, ಅದನ್ನು ಕರಗಿಸಲು ಮೈಯ ಶಾಖವೇ ಖರ್ಚು.

ತಿನ್ನಲು ಮನೆಯಿಂದ ಒಯ್ಯಿರಿ. ಖಡಕ್ ರೊಟ್ಟಿ ಹೆಪ್ಪುಗಟ್ಟುವುದಿಲ್ಲ, ಕೆಡುವುದಿಲ್ಲ, ಶೇಂಗಾ ಚಟ್ನಿಪುಡಿಯ ಎಣ್ಣೆಯಂಶ ಹೊಟ್ಟೆಯಲ್ಲಿ ಬಹಳ ಹೊತ್ತು ಉರಿಯುತ್ತದೆ. ಅಂಟಿನುಂಡೆ, ಶೇಂಗಾ ಚಿಕ್ಕಿ ಜೇಬಿನಲ್ಲಿರಲಿ, ಗಂಟೆಗೊಮ್ಮೆ ಒಂದು ತುಣುಕು. ಹಸಿವಾದ ಮೈಗೆ ಚಳಿ ಬೇಗ ಹತ್ತುತ್ತದೆ.

ಟೆಂಟಿನ ರಾತ್ರಿ

ಕ್ಯಾಂಪ್ ಮುಟ್ಟಿದ ಮೊದಲ ಹತ್ತು ನಿಮಿಷ ಅತಿ ಮುಖ್ಯ. ಎಲ್ಲರೂ ಚಹಾಕ್ಕೆ, ಫೋಟೋಕ್ಕೆ ಓಡುವಾಗ ನೀವು ಟೆಂಟಿಗೆ ಹೋಗಿ ಒಳ ಥರ್ಮಲ್, ಸಾಕ್ಸ್ ಬದಲಿಸಿ, ಡೌನ್ ಜಾಕೆಟ್ ಹಾಕಿ. ಮಲಗುವ ಥರ್ಮಲ್ ಒಂದು ಬೇರೆಯೇ ಇರಲಿ, ಅದನ್ನು ಹಗಲು ಹಾಕುವುದು ಬೇಡ. ಬಿಸಿನೀರು ತುಂಬಿದ ಬಾಟಲಿಗೆ ಸಾಕ್ಸ್ ತೊಡಿಸಿ ಸ್ಲೀಪಿಂಗ್ ಬ್ಯಾಗಿನ ಕಾಲ ಕಡೆ ಇಟ್ಟರೆ ಬೆಚ್ಚಗೆ ನಿದ್ದೆ ಬರುತ್ತದೆ, ಆ ಸಾಕ್ಸ್ ಬೆಳಿಗ್ಗೆ ಒಣಗಿಯೂ ಇರುತ್ತದೆ. ತೇವವಾದ ಕೈಗವಸನ್ನು ಜಾಕೆಟ್ಟಿನ ಒಳಗೆ ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ. ಶೂ ಹೊರಗೆ ಬಿಟ್ಟರೆ ಕಲ್ಲಾಗುತ್ತದೆ, ಹಿಮ ತಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೆಂಟಿನೊಳಗೆ ಇಡಿ. ಮೊಬೈಲ್, ಬ್ಯಾಟರಿ, ಟಾರ್ಚ್ ಸ್ಲೀಪಿಂಗ್ ಬ್ಯಾಗಿನೊಳಗೆ.

ಮುಖ ಮುಚ್ಚಿಕೊಂಡು ಮಲಗುವ ಅಭ್ಯಾಸ ಬಿಡಿ. ಉಸಿರಿನ ಆವಿ ಬ್ಯಾಗನ್ನು ಒಳಗಿಂದಲೇ ನೆನೆಸುತ್ತದೆ. ಟೊಪ್ಪಿಗೆ ಹಾಕಿ, ಮೂಗು ಬಾಯಿ ಹೊರಗೆ ಬಿಡಿ. ಟೆಂಟಿನೊಳಗೆ ಒಲೆ, ಕೆಂಡ ತರಬೇಡಿ, ಅದರಿಂದ ಹೊರಡುವ ಕಣ್ಣಿಗೆ ಕಾಣದ ವಿಷಗಾಳಿ ನಿದ್ದೆಯಲ್ಲೇ ಕೊಲ್ಲುತ್ತದೆ.

ಶಿಖರದ ದಿನ

ಬೆಳಗಿನ ಜಾವ 3ರ ಸುಮಾರಿಗೆ ಹೊರಡುತ್ತಾರೆ. ಆಗ ಹಿಮ ಗಟ್ಟಿ, ಸ್ಪೈಕ್ ಚೆನ್ನಾಗಿ ಕಚ್ಚುತ್ತದೆ. ಬಿಸಿಲೇರಿದ ಮೇಲೆ ಮೆತ್ತಗಾಗಿ ಕಾಲು ಹೂಳುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 20ರಂತೆ. ಮೂಗು, ಕೆನ್ನೆ, ಕಿವಿ ಮುಚ್ಚಿರಲಿ.

ಹೊರಡುವ ಮುಂಚೆಯೇ ಗೈಡ್ ಜೊತೆ ಒಂದು ಹೊತ್ತು ನಿಗದಿ ಮಾಡಿಕೊಳ್ಳಿ. ಉದಾಹರಣೆಗೆ ಬೆಳಿಗ್ಗೆ 9 ಗಂಟೆ. ಎಲ್ಲೇ ಇರಲಿ, ಆ ಹೊತ್ತಿಗೆ ತಿರುಗಬೇಕು. ಶಿಖರ ನೂರು ಮೀಟರ್ ದೂರದಲ್ಲಿದ್ದರೂ ತಿರುಗಬೇಕು. ಇದನ್ನು ಕೆಳಗೆ, ಬೆಚ್ಚಗಿರುವಾಗ ಒಪ್ಪಿಕೊಂಡರೆ ಮಾತ್ರ ಮೇಲೆ ಪಾಲಿಸಲು ಸಾಧ್ಯ.

ಮೈ ಕೊಡುವ ಸುಳಿವು

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಖಡಕ್ಕಾಗಿ ಹೇಳಬೇಕು. "ಏನಿಲ್ಲ ಬಿಡ್ರಿ, ಆರಾಮ ಅದೀನಿ" ಎನ್ನುವುದು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಬೆಟ್ಟದ ಮೇಲೆ ಆ ಮಾತು ಜೀವ ತೆಗೆಯಬಹುದು. ತಲೆನೋವು, ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು ಎತ್ತರದ ಕಾಯಿಲೆಯ ಆರಂಭ, 2,500 ಮೀಟರ್ ದಾಟಿದವರಲ್ಲಿ ಯಾರಿಗಾದರೂ ಬರಬಹುದು. ಅಂಥ ಹೊತ್ತಿನಲ್ಲಿ ಮೇಲೆ ಹೋಗಬಾರದು, ಅಲ್ಲೇ ವಿಶ್ರಾಂತಿ. ಕಡಿಮೆಯಾಗದಿದ್ದರೆ ಇಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ಬಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ. ಗೆರೆ ಎಳೆದಂತೆ ನೇರ ನಡೆಯಲು ಆಗದೆ ತೂರಾಡಿದರೆ, ಮಾತು ತಪ್ಪಿದರೆ ಮೆದುಳು ಊದಿಕೊಳ್ಳುತ್ತಿದೆ. ಈ ಎರಡರಲ್ಲಿ ಯಾವುದಾದರೂ ಸರಿ, ರಾತ್ರಿಯಾಗಿದ್ದರೂ ಕೆಳಗಿಳಿಸಿ. ಮಾತ್ರೆ, ಆಮ್ಲಜನಕ ಇಳಿಸುತ್ತಲೇ ಕೊಡಬೇಕಾದವು, ಅವನ್ನು ನಂಬಿ ಮೇಲೆ ಉಳಿಯಬಾರದು.

ಮೈಯ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಹೈಪೋಥರ್ಮಿಯಾ. ಮೊದಲು ಬಿಡದ ನಡುಕ, ಆಮೇಲೆ ತೊದಲು ಮಾತು, ಎಡವುವ ಕಾಲು. ಜೊತೆಗಿರುವವರನ್ನು ಆಗಾಗ ಪರೀಕ್ಷಿಸಿ: "ಅಣ್ಣಾ, ಜಾಕೆಟ್ ಗುಂಡಿ ಹಾಕು ನೋಡೋಣ" ಎನ್ನಿ. ಹಾಕಲು ಬೆರಳು ಕೇಳದಿದ್ದರೆ ಅವರು "ಆರಾಮ ಅದೀನಿ" ಎಂದರೂ ನಂಬಬೇಡಿ. ನಡುಕ ನಿಂತುಹೋಗಿ ಮಂಕಾದರೆ ಅದು ಸುಧಾರಣೆಯಲ್ಲ, ಇನ್ನೂ ಕೆಟ್ಟ ಹಂತ. ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಹಾಕಿ, ನೆಲದಿಂದ ಮ್ಯಾಟ್ ಮೇಲೆ ಎತ್ತಿ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿಸಿ. ಎಚ್ಚರವಿದ್ದರೆ ಬಿಸಿ ಸಿಹಿ ಪಾನೀಯ ಕೊಡಿ. ಹೆಂಡ ಕೊಡಲೇಬಾರದು, ಅದು ಬೆಚ್ಚಗಾದ ಭ್ರಮೆ ಹುಟ್ಟಿಸಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ.

ಬೆರಳ ತುದಿ, ಮೂಗು, ಕಿವಿ ಬೆಳ್ಳಗೆ ಮೇಣದಂತಾಗಿ ಸ್ಪರ್ಶ ಗೊತ್ತಾಗದಿದ್ದರೆ ಫ್ರಾಸ್ಟ್‌ಬೈಟ್. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಸ್ಪರ್ಶವಿಲ್ಲದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲದ ಜಾಗಕ್ಕೆ ಬಂದ ಮೇಲೆ 37–39 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಇಡಬೇಕು. ಬೊಬ್ಬೆ ಎದ್ದರೆ ಒಡೆಯಬಾರದು.

ಇಳಿದ ಮೇಲೆ

ಅವಘಡ ಹೆಚ್ಚಾಗಿ ಆಗುವುದು ಇಳಿಯುವಾಗ. ದಣಿದಿರುತ್ತೀರಿ, ಮನಸ್ಸು ಆಗಲೇ ಸಾಂಕ್ರಿಯ ಬಿಸಿ ಊಟದ ಮೇಲಿರುತ್ತದೆ. ಸ್ಪೈಕನ್ನು ಹಿಮ ಪೂರ್ತಿ ಮುಗಿಯುವವರೆಗೆ ತೆಗೆಯಬೇಡಿ, ಬರಿ ಬಂಡೆ ಬಂದಾಗ ಮಾತ್ರ ಕಳಚಿ. ಕೂತು ಜಾರುವ ಆಟ ಗೈಡ್ ತೋರಿಸಿದ ಜಾಗದಲ್ಲಷ್ಟೇ, ಅದೂ ಸ್ಪೈಕ್ ಕಳಚಿಟ್ಟು. ತಿಂದ ಚಿಕ್ಕಿಯ ಕಾಗದವೂ ಸೇರಿ ನಿಮ್ಮ ಕಸ ನಿಮ್ಮ ಬ್ಯಾಗಿನಲ್ಲೇ ಇಳಿಯಬೇಕು. ಹಿಮ ಕರಗಿದಾಗ ಅದೆಲ್ಲ ಆ ಹಳ್ಳಿಯವರು ಕುಡಿಯುವ ನೀರಿಗೇ ಸೇರುತ್ತದೆ.

ಊರಿಗೆ ಬಂದ ಮೇಲೂ ಬೆರಳಿನ ಜೋಮು ಹೋಗದಿದ್ದರೆ, ಚರ್ಮ ಕಪ್ಪಾಗುತ್ತಿದ್ದರೆ "ಬಿಸಿಲಿಗೆ ಸರಿಹೋಗ್ತದೆ" ಎಂದು ಕಾಯಬೇಡಿ. ನಮ್ಮ ಕಡೆಯ ವೈದ್ಯರು ಇಂಥ ಗಾಯವನ್ನು ಅಪರೂಪಕ್ಕೆ ನೋಡಿರುತ್ತಾರೆ. ಆದ್ದರಿಂದ ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತು ಬೆರಳು ಮರಗಟ್ಟಿತ್ತು, ಯಾವಾಗ ಬಿಸಿನೀರಿನಲ್ಲಿ ಇಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಆಸ್ಪತ್ರೆಗೆ ಹೋಗಿ.